ಓದಿದರೆ ಕೇಳುವವರಿರಬೇಕು, ಬರೆದರೆ ಓದುವವರಿರಬೇಕು

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳು, ಎಂಟನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಕ್ಲಸ್ಟರ್ ಸಭೆಯಲ್ಲಿ ಸಿಕ್ಕಾಗ ಮೊದಲು ಕೇಳುವ ಮಾತೇ ಇದು: "ಮೇಡಂ, ಓದು ಬರಹಕ್ಕೆ ಏನೇನು ಸಾಮಗ್ರಿ ಬಳಸ್ತೀರಿ? ಪಿಡಿಎಫ್ ಇದ್ರೆ ಕಳಿಸಿ."

ಪಿಡಿಎಫ್‌ಗೇನೂ ಬರ ಇಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಅಭ್ಯಾಸ ಹಾಳೆಗಳು ಬರುತ್ತಲೇ ಇರುತ್ತವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ದೀಕ್ಷಾ ಅನ್ನುವ ಸರ್ಕಾರಿ ಕಲಿಕಾ ತಾಣದಲ್ಲಿ ವಿಡಿಯೊ ತೆರೆದುಕೊಳ್ಳುತ್ತದೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಈ ತರಗತಿಗಳ ಜೊತೆ ವರ್ಷಗಟ್ಟಲೆ ಕಳೆದ ಮೇಲೆ ನಾನು ಸಾಮಗ್ರಿಯನ್ನು ಒಂದೇ ಪ್ರಶ್ನೆಯಿಂದ ಸೋಸುತ್ತೇನೆ. ಈ ಮಗು ಇದನ್ನು ಓದಿದರೆ ಯಾರು ಕೇಳುತ್ತಾರೆ, ಬರೆದರೆ ಯಾರು ಓದುತ್ತಾರೆ? "ಮಿಸ್ ಮಾತ್ರ" ಅನ್ನುವುದೇ ಉತ್ತರವಾದರೆ ಆ ಹಾಳೆಯನ್ನು ಪಕ್ಕಕ್ಕಿಡುತ್ತೇನೆ.

ಆರನೇ ತರಗತಿಗೆ ಬರುವ ಮಕ್ಕಳಲ್ಲಿ ಕೆಲವರು ಇನ್ನೂ ಅಕ್ಷರ ಕೂಡಿಸಿ ಓದುವವರು ಇರುತ್ತಾರೆ. ಮೂರನೇ ತರಗತಿವರೆಗೆ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಕಾರ್ಡುಗಳಿದ್ದವು, ಆಮೇಲೆ ಒಮ್ಮೆಗೇ ದಪ್ಪ ಪಾಠಗಳು ಬಂದವು, ನಡುವೆ ಕೆಲವರ ಕೈ ಬಿಟ್ಟುಹೋಯಿತು. ಕೋವಿಡ್ ಹೊತ್ತಿನಲ್ಲಿ ಕೆಳಗಿನ ತರಗತಿಯಲ್ಲಿದ್ದವರ ಕಥೆ ಇನ್ನೂ ಕಷ್ಟ. 2022-23ರಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮ ನಡೆದರೂ ಎಲ್ಲರೂ ದಡ ಸೇರಲಿಲ್ಲ. ಇಂಥ ಮಗುವಿಗೆ ಏನು ಓದಿಸಬೇಕು ಅನ್ನುವುದೇ ನನ್ನ ಕೆಲಸದ ಅತಿ ಕಠಿಣ ಪ್ರಶ್ನೆ. ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಓದಬಲ್ಲ, ಆದರೆ ಹನ್ನೆರಡು ವರ್ಷದ ಹುಡುಗ ಗೆಳೆಯರ ಎದುರು ಆ ಪುಸ್ತಕ ಬಿಡಿಸುವುದಿಲ್ಲ. ಬ್ಯಾಗಿನೊಳಗೆ ತಳ್ಳಿ, "ಮನೇಲಿ ಓದ್ತೀನಿ ಮಿಸ್" ಅಂತಾನೆ. ಅವನ ಮಾನಕ್ಕೆ ಕುಂದು ಬಾರದ, ದೊಡ್ಡವರೂ ಕೈಯಲ್ಲಿ ಹಿಡಿಯುವ, ಆದರೆ ಪುಟ್ಟದಾದ ಬರಹ ಬೇಕು. ಅದು ಊರಿನಲ್ಲೇ ಇದೆ.

ಲಗ್ನಪತ್ರಿಕೆ ತೆಗೆದುಕೊಳ್ಳಿ. ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಕಡೆ ಪ್ರತಿ ಮನೆಯ ಕಿಟಕಿ ಸಂದಿಯಲ್ಲೂ ನಾಲ್ಕಾರು ಸಿಕ್ಕಿಸಿರುತ್ತಾರೆ. ಶಾಲೆ ಶುರುವಾದ ಕೂಡಲೇ ತರಲು ಹೇಳುತ್ತೇನೆ. ಮೊದಲ ಸಾಲೇ "ಸ್ವಸ್ತಿಶ್ರೀ ವಿಜಯಾಭ್ಯುದಯ ನೃಪ ಶಾಲಿವಾಹನ ಶಕ ವರುಷಂಗಳು 1947ನೇ ಶ್ರೀ ವಿಶ್ವಾವಸು ನಾಮ ಸಂವತ್ಸರದ" ಅಂತ ಇರುತ್ತದೆ. ಸ್ವ, ಸ್ತಿ, ಶ್ರೀ, ಭ್ಯು, ಶ್ವಾ, ತ್ಸ ಎಲ್ಲ ಒಂದೇ ಉಸಿರಿನಲ್ಲಿ. ಒತ್ತಕ್ಷರದ ಅಭ್ಯಾಸಕ್ಕೆ ಇದಕ್ಕಿಂತ ಗಟ್ಟಿ ಸಾಲು ನನಗೆ ಯಾವ ಅಭ್ಯಾಸ ಹಾಳೆಯಲ್ಲೂ ಸಿಕ್ಕಿಲ್ಲ. ತರಗತಿಯಲ್ಲಿ ಬಿಡಿಸಿ ಬಿಡಿಸಿ ಓದಿ, ಸಂಜೆ ಮನೆಯಲ್ಲಿ ಅಜ್ಜಿಗೆ ಓದಿ ಹೇಳಬೇಕು. ಅಕ್ಷರ ಬಾರದ ಅಜ್ಜಿಯರಿಗೂ ಸಂವತ್ಸರಗಳ ಹೆಸರು ಬಾಯಲ್ಲಿರುತ್ತದೆ. ಮೊಮ್ಮಗ "ವಿಶ್ವವಸು" ಅಂದರೆ "ವಿಶ್ವಾವಸು ಕಣ್ಲಾ" ಅಂತ ತಿದ್ದುತ್ತಾರೆ. ಆ ದೀರ್ಘ ಮತ್ತೆ ತಪ್ಪುವುದಿಲ್ಲ. ಶಕೆಗೆ 78 ಸೇರಿಸಿದರೆ 2025 ಬರುತ್ತದೆ ಅಂತ ತೋರಿಸಿದರೆ ಹಳೆಯ ಪತ್ರಿಕೆಗಳನ್ನೆಲ್ಲ ಹುಡುಕಿ ಇಸವಿ ಲೆಕ್ಕ ಹಾಕುತ್ತಾರೆ.

ಚೆನ್ನಾಗಿ ಓದುವ ಮಕ್ಕಳಿಗೂ ಅದೇ ಪತ್ರಿಕೆ ಸಾಕು, ಪ್ರಶ್ನೆ ಮಾತ್ರ ಬೇರೆ. ಧಾರೆ ಎಷ್ಟು ಹೊತ್ತಿಗೆ, ಆರತಕ್ಷತೆ ಎಲ್ಲಿ ಅನ್ನುವುದಕ್ಕೆ ಕಣ್ಣಾಡಿಸಿದರೆ ಉತ್ತರ ಸಿಗುತ್ತದೆ. "ಈ ಪತ್ರಿಕೆ ಹಾಕಿಸಿದ್ದು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ?" ಅಂತ ಕೇಳಿದರೆ ತರಗತಿ ಒಂದು ಕ್ಷಣ ನಿಲ್ಲುತ್ತದೆ. ಎಲ್ಲೂ ಹಾಗೆ ಬರೆದಿಲ್ಲ. "ನಮ್ಮ ಜ್ಯೇಷ್ಠ ಪುತ್ರಿ" ಅನ್ನುವ ಮಾತು ಹಿಡಿದು ಊಹಿಸಬೇಕು. ಸಾಲಿನ ನಡುವೆ ಓದುವುದನ್ನು ಪಾಠದ ಕೊನೆಯ ಪ್ರಶ್ನೆಗಳಿಂದ ಕಲಿಸಲು ನಾನು ಪಡುವ ಪಾಡು ಇಲ್ಲಿ ಇರುವುದಿಲ್ಲ.

ಡೇರಿ ಪುಸ್ತಕ, ಬಸ್ಸಿನ ಬೋರ್ಡು, ಸೊಸೈಟಿ ನೋಟಿಸು, ಜಾತ್ರೆಯ ಕರಪತ್ರ, ಮಾತ್ರೆ ಚೀಟಿ ಎಲ್ಲವನ್ನೂ ಹೀಗೇ ಬಳಸಬಹುದು. ಕೀಟನಾಶಕದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಖಾಲಿ ಡಬ್ಬಿ ಶಾಲೆಗೆ ಖಂಡಿತ ತರಬಾರದು, ಮನೆಯಲ್ಲೂ ಮುಟ್ಟಬಾರದು. ಒಳಗಿನ ಮಾಹಿತಿ ಹಾಳೆಯ ಜೆರಾಕ್ಸ್ ಸಾಕು. ವಿಷದ ಮಟ್ಟ ತೋರಿಸುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳಲ್ಲಿ ಕೆಂಪು ಅತಿ ವಿಷದ್ದು ಅಂತ ಓದಿ ತಿಳಿದ ಮಗು ಅದನ್ನು ಅಪ್ಪನಿಗೆ ಹೇಳದೆ ಇರುವುದಿಲ್ಲ. ಓದಿದ್ದು ಮನೆಗೆ ಉಪಯೋಗವಾಯಿತು ಅನ್ನಿಸಿದ ದಿನ ಆ ಮಗು ಪುಸ್ತಕ ಹಿಡಿಯುವ ರೀತಿಯೇ ಬದಲಾಗುತ್ತದೆ. ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಹಾಗಂತ ಕಥೆ ಬೇಡವೆ? ಬೇಕೇ ಬೇಕು. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಧಾರಾಳವಾಗಿವೆ. ಒಂದರಿಂದ ನಾಲ್ಕರವರೆಗೆ ಹಂತ ಹಾಕಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಿ ಹಂಚಲು ಯಾರನ್ನೂ ಕೇಳಬೇಕಿಲ್ಲ. ಮೂರು, ನಾಲ್ಕನೇ ಹಂತದವು ನಮ್ಮ ಏಳು, ಎಂಟನೇ ತರಗತಿಗೆ ಸರಿಹೋಗುತ್ತವೆ. ಆದರೆ ನನಗೆ ಹೆಚ್ಚು ಕೆಲಸಕ್ಕೆ ಬಂದಿರುವುದು ಒಂದು, ಎರಡನೇ ಹಂತದ ಸಣ್ಣ ಕಥೆಗಳು, ಅದೂ ಆರನೇ ತರಗತಿಗೆ.

ಅದು ಹೇಗೆಂದರೆ, ಶನಿವಾರ ಬೆಳಗಿನ ಶಾಲೆಯಲ್ಲಿ ಆರನೇ ತರಗತಿಯ ಪ್ರತಿಯೊಬ್ಬರೂ ಒಂದನೇ ಅಥವಾ ಎರಡನೇ ತರಗತಿಯ ಒಂದು ಮಗುವಿಗೆ ಕಥೆ ಓದಿ ಹೇಳಬೇಕು. ಅದಕ್ಕೆ ವಾರವಿಡೀ ತಯಾರಿ. ಈಗ ಅದೇ ಹನ್ನೆರಡು ವರ್ಷದ ಹುಡುಗ ನಾಲ್ಕು ಸಾಲಿನ ಚಿತ್ರಪುಸ್ತಕವನ್ನು ಎಲ್ಲರೆದುರೇ ಮತ್ತೆ ಮತ್ತೆ ಓದುತ್ತಾನೆ, ಯಾಕೆಂದರೆ ಅದು ಅವನ ಪುಸ್ತಕವಲ್ಲ, ಪುಟ್ಟ ಮಗುವಿಗಾಗಿ ಅವನು ಹೊತ್ತ ಜವಾಬ್ದಾರಿ. ಎಲ್ಲಿ ದನಿ ಏರಿಸಬೇಕು, ಎಲ್ಲಿ ತಡೆದು "ಆಮೇಲೆ ಏನಾಯ್ತು ಹೇಳು?" ಅಂತ ಕೇಳಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಒಂದೇ ಪುಟವನ್ನು ಬೇಸರವಿಲ್ಲದೆ ಹಲವು ಬಾರಿ ಓದಿದಾಗಲೇ ತೊದಲು ಬಿಡುತ್ತದೆ. "ಇನ್ನೊಂದು ಸಲ ಓದು" ಅಂತ ನಾನು ಹೇಳಿದರೆ ಅದು ಶಿಕ್ಷೆ. ಕೆಳಗೆ ಕೂತ ಚಿಕ್ಕದು "ಅಣ್ಣಾ, ಇನ್ನೊಂದ್ಸಲ" ಅಂದರೆ ಅವನಿಗೆ ಕೋಡು ಮೂಡುತ್ತದೆ.

ನಿಘಂಟಿನ ಬಗ್ಗೆಯೂ ಹೇಳಬೇಕು. ನಿಘಂಟು ಕೊಟ್ಟು "ನೋಡಿಕೊಳ್ಳಿ" ಅಂದರೆ ಕನ್ನಡದಲ್ಲಿ ಅರ್ಧ ಮಕ್ಕಳಿಗೆ ಪದವೇ ಸಿಗುವುದಿಲ್ಲ. ಪಾಠದಲ್ಲಿ "ನಿಂತನು" ಇದೆ, ನಿಘಂಟಿನಲ್ಲಿ "ನಿಲ್ಲು" ಇದೆ. "ಗೆದ್ದಳು" ಹುಡುಕಲು "ಗೆಲ್ಲು"ಗೆ ಹೋಗಬೇಕು, "ಕೊಂಡರು" ಬೇಕಾದರೆ "ಕೊಳ್ಳು" ತೆಗೆಯಬೇಕು, "ಸತ್ತಿತು" ಇರುವುದು "ಸಾಯು"ವಿನಲ್ಲಿ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ಗೋಡೆಯ ಮೇಲೆ ಒಂದು ದೊಡ್ಡ ಡ್ರಾಯಿಂಗ್ ಹಾಳೆ ಅಂಟಿಸಿದ್ದೇವೆ. ಒಂದು ಕಡೆ ಪಾಠದಲ್ಲಿ ಕಂಡ ರೂಪ, ಇನ್ನೊಂದು ಕಡೆ ನಿಘಂಟಿನಲ್ಲಿ ಸಿಕ್ಕ ರೂಪ. ಹೊಸದು ಸಿಕ್ಕಾಗಲೆಲ್ಲ ಮಕ್ಕಳೇ ಬರೆಯುತ್ತಾರೆ. ವರ್ಷದ ಕೊನೆಗೆ ಅದು ಆ ಊರಿನ ಮಕ್ಕಳೇ ಕಟ್ಟಿದ ವ್ಯಾಕರಣ ಪಾಠ.

ಇನ್ನು ಬರಹ. ನಮ್ಮ ಮಕ್ಕಳ ಬರಹವನ್ನು ಕೆಡಿಸಿರುವುದು ಕಾಗುಣಿತವಲ್ಲ, ಪೀಠಿಕೆ. ಗೈಡಿನ ಪ್ರಬಂಧಗಳಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ಪೆಟ್ಟಿಗೆ ಇರುತ್ತವೆ. ಯಾವ ವಿಷಯ ಕೊಟ್ಟರೂ "ಇಂದಿನ ಆಧುನಿಕ ಯುಗದಲ್ಲಿ" ಅಂತಲೇ ಶುರು. ಪರೀಕ್ಷೆಗೆ ಬೇಕು, ಅರ್ಧವಾರ್ಷಿಕಕ್ಕೆ ಮುಂಚೆ ಅದನ್ನೂ ಕಲಿಸುತ್ತೇನೆ. ಅಲ್ಲಿಯವರೆಗೆ ನನ್ನ ತರಗತಿಯಲ್ಲಿ ಪೀಠಿಕೆಗೆ ಪ್ರವೇಶವಿಲ್ಲ.

ಬದಲಿಗೆ ಆರನೇ ತರಗತಿಗೆ ಕೊಡುವ ಮೊದಲ ಬರಹ "ಮುದ್ದೆ ಮಾಡುವುದು ಹೇಗೆ" ಅಂತ. ಓದಿ ಒಪ್ಪುವವರು ನಾನಲ್ಲ, ಬಿಸಿಯೂಟದ ಅಡುಗೆ ಅಕ್ಕ. ಒಬ್ಬ ಹುಡುಗಿ ಬರೆದಿದ್ದಳು: "ಮೊದಲು ನೀರು ಕಾಯಿಸಬೇಕು. ನಂತರ ಹಿಟ್ಟು ಹಾಕಬೇಕು. ನಂತರ ಮುದ್ದೆ ಕಟ್ಟಬೇಕು." ಅಕ್ಕ ಕೇಳಿಸಿಕೊಂಡು, "ಇಷ್ಟೇ ಮಾಡುದ್ರೆ ಗಂಟ್‌ಗಂಟಾಯ್ತದೆ ಕಣವ್ವ. ಹಿಟ್ಟು ಬೇಯೋದ್ ಯಾವಾಗ? ತೊಳ್ಸೋದ್ ಯಾವಾಗ?" ಅಂದರು. ಹುಡುಗಿ ಮನೆಗೆ ಹೋಗಿ ಅವ್ವನ ಪಕ್ಕ ನಿಂತು ನೋಡಿ ಬಂದು ಬರೆದಳು: "ಎಸರು ಮರಳಿದ ಮೇಲೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು, ಆದರೆ ಕೂಡಲೇ ಕೈಯಾಡಿಸಬಾರದು. ಸುತ್ತ ನೀರು ಉಕ್ಕಿ ಹಿಟ್ಟು ಬೆಂದ ಮೇಲೆ ಉರಿ ಸಣ್ಣ ಮಾಡಿ ಕೋಲಿನಿಂದ ಗಂಟಿಲ್ಲದಂತೆ ತೊಳಸಬೇಕು. ಆರುವ ಮುಂಚೆ ಕೈಗೆ ನೀರು ಹಚ್ಚಿಕೊಂಡು ಕಟ್ಟಬೇಕು." ಮೂರು "ನಂತರ"ಗಳು ಹೋಗಿ "ಮೇಲೆ", "ಆದರೆ", "ಮುಂಚೆ" ಬಂದವು. ವಾಕ್ಯ ಜೋಡಣೆಯ ಪಾಠ ನಾನು ಮಾಡಲೇ ಇಲ್ಲ.

ಏಳನೇ ತರಗತಿಗೆ ಪತ್ರ. ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ ನಡೆಯುತ್ತದೆ, ಅಲ್ಲಿ ಕೊಡುವ ಮನವಿಯನ್ನು ಮಕ್ಕಳೇ ಬರೆಯುತ್ತಾರೆ. "ಸ್ವಚ್ಛತೆ ಬಹಳ ಮುಖ್ಯ" ಅಂತ ಬರೆದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಏನು ಮಾಡಬೇಕು? ಯಾವ ಬೀದಿ, ಯಾವ ಮನೆ ಮುಂದಿನ ಚರಂಡಿ ಕಲ್ಲು, ಯಾವಾಗಿನಿಂದ ಮುರಿದಿದೆ ಅಂತ ಬರೆದರೆ ಅವರಿಗೆ ಕೆಲಸ ಗೊತ್ತಾಗುತ್ತದೆ. ಅಳತೆ ಟೇಪು ಹಿಡಿದು ಹೋಗಿ ನೋಡಿ ಬಂದೇ ಬರೆಯುವುದು ನಮ್ಮ ರೂಢಿ.

ತಿದ್ದುವುದರಲ್ಲಿ ನನ್ನದು ಗಟ್ಟಿ ನಿಲುವು. ನಮ್ಮ ಕಡೆ ಮಕ್ಕಳು "ಆಲು", "ಓಗು" ಅಂತ ಮಾತಾಡುತ್ತಾರೆ, ಹಾಗೇ ಬರೆಯುತ್ತಾರೆ. ಮೊದಲ ಬರಹಕ್ಕೆ ಕೆಂಪು ಪೆನ್ನು ಮುಟ್ಟಿಸುವುದಿಲ್ಲ. ಎರಡನೆಯದರಲ್ಲಿ ಒಂದೇ ಬಗೆಯ ತಪ್ಪು ಹಿಡಿಯುತ್ತೇನೆ, ಈ ಸಲ ಹಕಾರವಾದರೆ ಮುಂದಿನ ಸಲ ದೀರ್ಘ. ಪುಟವೆಲ್ಲ ಕೆಂಪಾದರೆ ಮಗು ಹುಷಾರಾಗುತ್ತದೆ. ಒತ್ತಕ್ಷರ ಇರುವ ಪದಗಳನ್ನೇ ಬಿಟ್ಟು, ಪುಟ ತುಂಬ ಬರೆಯುತ್ತಿದ್ದದ್ದು ಮೂರು ಸಾಲಿಗೆ ಇಳಿಯುತ್ತದೆ. ತಪ್ಪಿಲ್ಲದ ಆ ಮೂರು ಸಾಲಿಗಿಂತ ತಪ್ಪಿರುವ ಒಂದು ಪುಟವೇ ನನಗೆ ಮೇಲು.

ಎಂಟನೇ ತರಗತಿಯ ಕೊನೆಯ ತಿಂಗಳುಗಳಲ್ಲಿ ಪಹಣಿ, ಅಂದರೆ ಜಮೀನಿನ ದಾಖಲೆ, ಓದುತ್ತೇವೆ. ಈ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬಂದ ಮೇಲೆ ಅಚ್ಚಾದ ಪ್ರತಿ ಸುಲಭವಾಗಿ ಸಿಗುತ್ತದೆ. ತರಗತಿಯಲ್ಲಿ ಬಳಸುವುದು ನನ್ನ ತವರಿನ ಜಮೀನಿನದು, ಯಾವ ಮಗುವಿನ ಮನೆಯದನ್ನೂ ಎಲ್ಲರೆದುರು ಬಿಡಿಸುವುದಿಲ್ಲ. ಸಾಲ, ಭಾಗ, ವ್ಯಾಜ್ಯ ಎಲ್ಲ ಅದರಲ್ಲಿರುತ್ತವೆ, ಜಮೀನಿಲ್ಲದ ಮಕ್ಕಳೂ ಕೂತಿರುತ್ತಾರೆ. ಸರ್ವೆ ನಂಬರ್, ಹಿಸ್ಸಾ, ಖರಾಬು, ಖುಷ್ಕಿ, ತರಿ, ಬಾಗಾಯ್ತು ಪದಗಳನ್ನು ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ, ಬರೆದದ್ದನ್ನು ನೋಡಿರುವುದಿಲ್ಲ. ಎಕರೆಗೆ 40 ಗುಂಟೆ ಅಂತ ಲೆಕ್ಕವೂ ಆಗುತ್ತದೆ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವ ಬ್ಯಾಂಕಿನ ಋಣವಿದೆ ಅಂತ ಹುಡುಕುವುದು ಪಾಠದಲ್ಲಿನ ಯಾವ ಕೋಷ್ಟಕಕ್ಕಿಂತಲೂ ಗಂಭೀರ ಓದು.

ಹೋದ ವರ್ಷ ಒಬ್ಬ ಹುಡುಗ ಮನೆಯ ಪಹಣಿ ತಾನೇ ಓದಿಕೊಂಡು ಬಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಮಿಸ್, ನಮ್ಮದ್ರಲ್ಲಿ ಇನ್ನೂ ಮುತ್ತಾತನ ಹೆಸ್ರೇ ಇದೆ. ಅವ್ರು ತೀರ್ಕೊಂಡು ಎಷ್ಟೋ ವರ್ಷ ಆಗೋಯ್ತು." ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಆಗಿರಲಿಲ್ಲ. ನಮ್ಮ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಆ ವಾರ ಇಡೀ ತರಗತಿ ಪೌತಿ ಖಾತೆಗೆ ಮಾದರಿ ಅರ್ಜಿ ಬರೆಯಿತು, ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷ ಲಗತ್ತಿಸಬೇಕು ಅಂತ ಸೇರಿಸಿತು. ಅವನು ಬರೆದದ್ದನ್ನು ಅವನ ಅಪ್ಪ ನಾಡಕಚೇರಿಗೆ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು. ಅಲ್ಲಿ ಅವರದೇ ನಮೂನೆ ಇರುತ್ತದೆ, ನಿಜ, ಆದರೆ ಅದರಲ್ಲಿ ಏನು ತುಂಬಬೇಕು ಅನ್ನುವುದು ಮಗನ ಹಾಳೆಯಲ್ಲಿತ್ತು. ಈ ವರ್ಷ ಆ ಅರ್ಜಿಯ ಜೊತೆಗೆ ವಂಶವೃಕ್ಷವನ್ನೂ ಪಾಠಕ್ಕೆ ಸೇರಿಸಿದ್ದೇನೆ. ಚೌಕದೊಳಗೆ ಹೆಸರು ಬರೆದರೆ ಸಾಲದು, ಒಬ್ಬೊಬ್ಬರ ಬಗ್ಗೆಯೂ ಎರಡು ವಾಕ್ಯ ಬರೆಯಬೇಕು, ಹೆಣ್ಣುಮಕ್ಕಳನ್ನು ಬಿಡುವಂತಿಲ್ಲ.