ಕೀ ವೆಸ್ಟ್‌ಗೆ ಹೋಗ್ತಿದ್ದೀರಾ? ಊಟಕ್ಕೆ ಕ್ಯೂಬನ್ನರ ಹೋಟೆಲ್ ಹುಡುಕಿ

ಮಯಾಮಿಗೆ ಬಂದವರೆಲ್ಲ ಅಮೆರಿಕದ ಫ್ಲೋರಿಡಾದ ದಕ್ಷಿಣ ತುದಿಯ ದ್ವೀಪದ ಊರಾದ ಕೀ ವೆಸ್ಟ್‌ಗೂ ಒಂದು ರೌಂಡ್ ಹೋಗಿ ಬರೋಣ ಅಂತ ಹೊರಡುತ್ತಾರೆ. ರಸ್ತೆ, ಸೇತುವೆ, ಸೂರ್ಯಾಸ್ತ ಎಲ್ಲದರ ಬಗ್ಗೆಯೂ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಊಟದ ವಿಷಯಕ್ಕೆ ಬಂದರೆ ಮಾತ್ರ ಸೀಫುಡ್, ನಿಂಬೆ ರಸದ ಸಿಹಿಯಾದ ಕೀ ಲೈಮ್ ಪೈ, ಅಲ್ಲಿಗೆ ಮುಗಿಯಿತು. ನಮ್ಮ ಗುಂಪಿನಲ್ಲಿ ತುಮಕೂರಿನಿಂದ ಬಂದಿದ್ದ ಅತ್ತೆ ಮಾವ ಇದ್ದರು, ಮೊಟ್ಟೆಯನ್ನೂ ಮುಟ್ಟದವರು. ಜೊತೆಗೆ ಮಂಗಳೂರಿನ ಸ್ನೇಹಿತರ ಕುಟುಂಬ, ಮೀನಿಲ್ಲದೆ ಅನ್ನ ಇಳಿಯದವರು. ನಾನು ಮತ್ತು ನಮ್ಮನೆಯವರು ಕೋಳಿ, ಮೀನು ತಿನ್ನುತ್ತೇವೆ, ದನದ ಮಾಂಸ ಇಲ್ಲ. ಇಷ್ಟೂ ಜನಕ್ಕೆ ಒಂದೇ ಟೇಬಲ್‌ನಲ್ಲಿ ಹೊಟ್ಟೆ ತುಂಬಿದ್ದು ಒಂದು ಕುಟುಂಬದವರು ನಡೆಸುವ ಕ್ಯೂಬನ್ ಹೋಟೆಲ್‌ನಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ದಾರಿ. ಮಯಾಮಿಯಿಂದ ಸುಮಾರು 160 ಮೈಲಿ, ಆದರೂ ನಾಲ್ಕು ಗಂಟೆ ಇಟ್ಟುಕೊಳ್ಳಿ. ಇದರಲ್ಲಿ 113 ಮೈಲಿ ದ್ವೀಪದಿಂದ ದ್ವೀಪಕ್ಕೆ ಹಾಯುವ ಓವರ್‌ಸೀಸ್ ಹೈವೇ, 42 ಸೇತುವೆಗಳು, ಬಹಳಷ್ಟು ಕಡೆ ಹೋಗೋಕೊಂದು ಬರೋಕೊಂದು ಲೇನ್ ಅಷ್ಟೇ. ಮುಂದೆ ಬೋಟ್ ಎಳೆದುಕೊಂಡು ಹೋಗುವ ಗಾಡಿ ಸಿಕ್ಕಿತೋ, ಅದರ ಹಿಂದೆಯೇ ಹೋಗುತ್ತಿರಬೇಕು. ಸೆವೆನ್ ಮೈಲ್ ಬ್ರಿಜ್ ಮೇಲೆ ಫೋಟೋಗೆ ಅಂತ ನಿಲ್ಲಿಸುವ ಹಾಗಿಲ್ಲ. ಮ್ಯಾರಥಾನ್ ಊರು ಮುಗಿಯುವಲ್ಲಿ ಕಾರು ನಿಲ್ಲಿಸಿ ಪಕ್ಕದ ಹಳೇ ಸೇತುವೆ ಮೇಲೆ ಒಂದಿಷ್ಟು ದೂರ ನಡೆದು ಬನ್ನಿ. 2022ರಲ್ಲಿ ರಿಪೇರಿ ಮುಗಿಸಿ ಮತ್ತೆ ತೆರೆದಿದ್ದಾರೆ, ವಯಸ್ಸಾದವರಿಗೂ ಆರಾಮ.

ಊರು ಮುಟ್ಟಿದ ಮೊದಲ ಸಂಜೆ ಎಲ್ಲರೂ ಮಾಡುವ ಹಾಗೆ ಊರಿನ ಮುಖ್ಯ ಬೀದಿ ಡುವಾಲ್ ಸ್ಟ್ರೀಟ್‌ಗೇ ಹೋದೆವು. ಅಲ್ಲಿ ಒಂದು ಹೋಟೆಲ್‌ನಲ್ಲಿ ಅತ್ತೆ ಮಾವನಿಗೆ ಸಿಕ್ಕಿದ್ದು ಫ್ರೆಂಚ್ ಫ್ರೈಸ್ ಮತ್ತು ಎಲೆಗಳ ಸಲಾಡ್. ಬಿಲ್ ನೋಡಿದರೆ ಟಿಪ್ ಮೊದಲೇ ಸೇರಿಸಿಬಿಟ್ಟಿದ್ದರು, ಅದರ ಕೆಳಗೆ ಇನ್ನೊಂದು ಟಿಪ್‌ಗೆ ಖಾಲಿ ಗೆರೆ ಬೇರೆ! ಈ ಊರಿನಲ್ಲಿ ಹಲವು ಕಡೆ 18-20 ಪರ್ಸೆಂಟ್ ಅವರೇ ಸೇರಿಸುತ್ತಾರೆ, ದೊಡ್ಡ ಗುಂಪಾದರಂತೂ ಜಾಸ್ತಿ. ಸಹಿ ಹಾಕುವ ಮುಂಚೆ ಬಿಲ್ ಪೂರ್ತಿ ಓದಿ.

ಮಾರನೇ ದಿನ ನಾವು ಉಳಿದುಕೊಂಡಿದ್ದ ಮನೆಯ ಓನರ್ ಒಂದು ಜಾಗ ಹೇಳಿದರು. ಡುವಾಲ್‌ನಿಂದ ಸ್ವಲ್ಪ ದೂರ, ಮನೆಗಳ ನಡುವೆ. ಹೊರಗಿನಿಂದ ನೋಡಿದರೆ ಹೋಟೆಲ್ ಅಂತಲೇ ಅನ್ನಿಸುವುದಿಲ್ಲ. ತಾಯಿ ಕ್ಯಾಶ್‌ನಲ್ಲಿ, ಮಗ ಅಡುಗೆಮನೆಯಲ್ಲಿ, ಟೇಬಲ್ ನೋಡಿಕೊಳ್ಳುವವರೂ ಮನೆಯವರೇ. ಬಾಗಿಲ ಹೊರಗೆ ಒಂದು ಕೋಳಿ ಮರಿಗಳ ಜೊತೆ ಓಡಾಡುತ್ತಿತ್ತು. ಕೀ ವೆಸ್ಟ್ ತುಂಬಾ ಹೀಗೆ ಕೋಳಿಗಳು, ಯಾರದ್ದೂ ಅಲ್ಲ. ಬೆಳಗಿನ ಜಾವ ಮೂರಕ್ಕೇ ಕೂಗಲು ಶುರು ಮಾಡುತ್ತವೆ, ನಿದ್ದೆ ಸೂಕ್ಷ್ಮ ಇರುವವರು ಹತ್ತಿ ಇಟ್ಟುಕೊಂಡು ಹೋಗಿ.

ಇಲ್ಲಿ ಕ್ಯೂಬನ್ ಊಟ ಎಂದರೆ ಹೊರಗಿನಿಂದ ತಂದು ಮಾರುವ ಊಟ ಅಲ್ಲ. ಕ್ಯೂಬಾ ಇಲ್ಲಿಂದ ಬರೀ 90 ಮೈಲಿ, ಮಯಾಮಿಗಿಂತ ಹತ್ತಿರ. 1868ರಲ್ಲಿ ಸ್ಪೇನ್ ವಿರುದ್ಧ ಯುದ್ಧ ಶುರುವಾದಾಗ ಸಾವಿರಾರು ಜನ ಕ್ಯೂಬಾ ಬಿಟ್ಟು ಬಂದರು, ಚುಟ್ಟಾ ಕಾರ್ಖಾನೆಗಳೂ ಅವರ ಜೊತೆ ಬಂದವು. ಅವರೇ 1871ರಲ್ಲಿ ಸ್ಥಾಪಿಸಿದ, ಶಾಲೆಯೂ ಸಭೆ ಸೇರುವ ಜಾಗವೂ ಆಗಿದ್ದ ಸ್ಯಾನ್ ಕಾರ್ಲೋಸ್ ಇನ್‌ಸ್ಟಿಟ್ಯೂಟ್ ಈಗಲೂ ಡುವಾಲ್ ಸ್ಟ್ರೀಟ್‌ನಲ್ಲಿದೆ. ಈಗಿನ ಕಟ್ಟಡ 1924ರದ್ದು. ಕ್ಯೂಬಾ ಸ್ವಾತಂತ್ರ್ಯದ ನಾಯಕ ಹೊಸೆ ಮಾರ್ತಿ 1892ರಲ್ಲಿ ಬಂದು ಭಾಷಣ ಮಾಡಿದ್ದು ಈ ಸಂಸ್ಥೆಯಲ್ಲಿ. ತೆರೆದಿದ್ದರೆ ಒಳಗೆ ಹೋಗಿ ಬನ್ನಿ, ಹೊರಗೆ ನಿಂತು ಫೋಟೋ ತೆಗೆದುಕೊಂಡು ಹೋಗುವವರೇ ಜಾಸ್ತಿ.

ಈಗ ಊಟ. ಸಸ್ಯಾಹಾರಿಗಳ ವಿಷಯ ಮೊದಲು, ಯಾಕೆಂದರೆ ತೊಂದರೆ ಇರುವುದು ಅಲ್ಲೇ. ಮೆನು ನೋಡಿದರೆ ಅನ್ನ, ಕಪ್ಪು ಬೀನ್ಸ್, ಬಾಳೆಕಾಯಿ, ಮರಗೆಣಸು ಅಂತ ಇರುತ್ತದೆ, ಅಯ್ಯೋ ಎಲ್ಲ ನಮ್ಮದೇ ಅನ್ನಿಸುತ್ತದೆ. ಆದರೆ ಬೀನ್ಸ್ ಬೇಯಿಸುವಾಗ ಹ್ಯಾಮ್ ಅಥವಾ ಹಂದಿ ಕೊಬ್ಬು ಹಾಕುವುದು ಅವರಲ್ಲಿ ಮಾಮೂಲು. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಮೆನುವಿನಲ್ಲಿ ಬರೆದಿರುವುದೂ ಇಲ್ಲ. ಹಳದಿ ಅನ್ನವನ್ನು ಕೆಲವು ಕಡೆ ಚಿಕನ್ ಸ್ಟಾಕ್‌ನಲ್ಲಿ ಬೇಯಿಸುತ್ತಾರೆ, ಬಿಳಿ ಅನ್ನ ಕೇಳುವುದೇ ವಾಸಿ. ಎಲ್ಲರೂ ಎಡವುವುದು ಬ್ರೆಡ್‌ನಲ್ಲಿ: ಕೂತ ತಕ್ಷಣ ಬಿಸಿಬಿಸಿ ಬೆಣ್ಣೆ ಸವರಿದ ಉದ್ದನೆ ಕ್ಯೂಬನ್ ಬ್ರೆಡ್ ತಂದಿಡುತ್ತಾರೆ, ಮಕ್ಕಳು ಅಜ್ಜಿ ತಾತನಿಗೂ ಕೊಡುತ್ತಾರೆ, ಆ ಬ್ರೆಡ್ ಹಿಟ್ಟಿಗೆ ಹಂದಿ ಕೊಬ್ಬು ಸೇರಿಸುವುದೇ ಅದರ ಹಳೇ ಪದ್ಧತಿ.

ಸುಮ್ನೆ "ವೆಜಿಟೇರಿಯನ್" ಅಂದರೆ ಸಾಲುವುದಿಲ್ಲ. ಹ್ಯಾಮ್ ಇದೆಯಾ, ಲಾರ್ಡ್ (ಹಂದಿ ಕೊಬ್ಬು) ಇದೆಯಾ, ಚಿಕನ್ ಸ್ಟಾಕ್ ಇದೆಯಾ ಅಂತ ಒಂದೊಂದಾಗಿ ಹೆಸರು ಹಿಡಿದು ಕೇಳಿ. ಕುಟುಂಬದ ಹೋಟೆಲ್‌ನ ಲಾಭ ಗೊತ್ತಾಗುವುದೇ ಇಲ್ಲಿ. ನಾವು ಕೇಳಿದಾಗ ಆ ತಾಯಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. ಬೀನ್ಸ್ ಅವರೇ ಬೆಳಗ್ಗೆ ಮಾಡಿದ್ದು, ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ, ಜೀರಿಗೆ, ಓರೆಗಾನೊ, ಇಷ್ಟೇ ಹಾಕಿರುವುದು ಅಂದರು. ಬ್ರೆಡ್ ಮಾತ್ರ ಬೇಡ ಅಂತ ಅವರೇ ತಟ್ಟೆ ಆ ಕಡೆ ಸರಿಸಿದರು. ಬಾಳೆಕಾಯಿ ಕರಿಯುವ ಎಣ್ಣೆಯಲ್ಲಿ ಬೇರೆ ಏನು ಕರಿಯುತ್ತೀರಿ ಅಂತಲೂ ಕೇಳಿ, ಸಂಕೋಚ ಬೇಡ. ನಮಗೆ ಬೇರೆ ಬಾಣಲೆಯಲ್ಲಿ ಕರಿದು ಕೊಟ್ಟರು.

ಅತ್ತೆ ಮಾವ ತಿಂದಿದ್ದು: ಬಿಳಿ ಅನ್ನ, ಕಪ್ಪು ಬೀನ್ಸ್, ತೊಸ್ತೋನೆಸ್, ಮಾದೂರೋಸ್, ಯೂಕಾ. ತೊಸ್ತೋನೆಸ್ ಎಂದರೆ ಬಾಳೆಕಾಯಿಯನ್ನು ಒಮ್ಮೆ ಕರಿದು, ಚಪ್ಪಟೆ ಮಾಡಿ, ಮತ್ತೆ ಕರಿದದ್ದು. ಮಾದೂರೋಸ್ ಚೆನ್ನಾಗಿ ಹಣ್ಣಾದ ಬಾಳೆಯದ್ದು, ಸಿಹಿ. ಯೂಕಾ ನಮ್ಮ ಮರಗೆಣಸೇ, ಬೇಯಿಸಿ ಮೇಲೆ ಬೆಳ್ಳುಳ್ಳಿ, ಎಣ್ಣೆ, ಹುಳಿ ಕಿತ್ತಳೆ ರಸದ ಮೋಹೋ ಅನ್ನುವ ಸಾಸ್ ಸುರಿಯುತ್ತಾರೆ. ಮಾವ ಅದನ್ನು ಇನ್ನೊಂದು ತಟ್ಟೆ ಹಾಕಿಸಿಕೊಂಡರು. ಖಾರ ಮಾತ್ರ ಇಲ್ಲವೇ ಇಲ್ಲ. ಕ್ಯೂಬನ್ ಅಡುಗೆಯನ್ನು ಮೆಕ್ಸಿಕನ್ ಅಡುಗೆ ಅಂದುಕೊಂಡು ಹೋಗಬೇಡಿ. ಅತ್ತೆ ಬ್ಯಾಗಿನಿಂದ ಚಟ್ನಿಪುಡಿ ತೆಗೆದರು, ಅದಕ್ಕೂ ಯಾರೂ ಏನೂ ಅನ್ನಲಿಲ್ಲ.

ಮಾಂಸ ತಿನ್ನುವವರಿಗೆ ಆಯ್ಕೆ ಬೇಕಾದಷ್ಟಿದೆ. ದನದ ಮಾಂಸ ಬೇಡದವರು ಮೂರು ಹೆಸರು ನೆನಪಿಟ್ಟುಕೊಳ್ಳಿ: ರೋಪಾ ವಿಯೇಹಾ, ಪಿಕಾಡೀಯೊ, ವಾಕಾ ಫ್ರೀತಾ, ಮೂರೂ ದನದ್ದೇ. ಲೆಚೋನ್ ಹಂದಿ. ಪೊಯೊ ಅಂತ ಇದ್ದರೆ ಕೋಳಿ. ಮಂಗಳೂರಿನವರು ಕರಿದ ಯೆಲ್ಲೋಟೇಲ್ ಸ್ನ್ಯಾಪರ್ ಮೀನು ಮತ್ತು ಸಿಗಡಿ ಎಂಚಿಲಾಡೊ ತೆಗೆದುಕೊಂಡರು. ಎಂಚಿಲಾಡೊ ಹೆಸರು ಕೇಳಿ ಖಾರ ಅಂದುಕೊಂಡಿದ್ದರು, ಬಂದಿದ್ದು ಟೊಮೆಟೊ, ದಪ್ಪ ಮೆಣಸಿನಕಾಯಿಯ ಮೆತ್ತನೆ ಗೊಜ್ಜು. ಗೆಳತಿ ಸ್ವಲ್ಪ ಮುಖ ಸಣ್ಣ ಮಾಡಿದಳು, ಆದರೆ ಸಿಗಡಿ ತಾಜಾ ಇತ್ತು ಅಂತ ಒಪ್ಪಿಕೊಂಡಳು. ನನ್ನ ಹುರಿದ ಕೋಳಿ ಅರ್ಧಕ್ಕರ್ಧ ಉಳಿಯಿತು. ಒಂದು ಪ್ಲೇಟ್ ಇಬ್ಬರಿಗೆ ಧಾರಾಳವಾಗಿ ಸಾಕು, ತಲೆಗೊಂದು ಆರ್ಡರ್ ಮಾಡಬೇಡಿ. ಅನ್ನಕ್ಕೆ ಮೀನು, ಮಾಂಸ ಹಾಕಿ ಬೇಯಿಸುವ ಪಾಯೆಯಾ ಬೇಕಿದ್ದರೆ ಮುಕ್ಕಾಲು ಗಂಟೆ ಕಾಯಬೇಕಾಗಬಹುದು, ಮೊದಲೇ ಫೋನ್ ಮಾಡುವುದು ಒಳ್ಳೆಯದು.

ಸಿಹಿಯಲ್ಲಿ ಮೊಟ್ಟೆ ತಿನ್ನದವರಿಗೆ ಏನೂ ಇಲ್ಲ ಅಂತಲೇ ಇಟ್ಟುಕೊಳ್ಳಿ. ಫ್ಲಾನ್ (ಕ್ಯಾರಮೆಲ್ ಕಸ್ಟರ್ಡ್), ತ್ರೆಸ್ ಲೆಚೆಸ್ (ಹಾಲಲ್ಲಿ ನೆನೆಸಿದ ಕೇಕ್), ಕೀ ಲೈಮ್ ಪೈ ಎಲ್ಲದರಲ್ಲೂ ಮೊಟ್ಟೆ. ಮಾಮೇ ಹಣ್ಣಿನ ಬತೀದೊ ಸಿಕ್ಕರೆ ಬಿಡಬೇಡಿ, ಅದು ಹಾಲು ಹಾಕಿ ರುಬ್ಬಿದ ಶೇಕ್. ಆಮೇಲೆ ಕಾಫಿ. ಮಯಾಮಿಯಲ್ಲಿ ಕಾಫೆಸೀತೊ ಅನ್ನುವ ಪುಟ್ಟ ಲೋಟದ ಕಾಫಿಗೆ ಇಲ್ಲಿ ಬೂಚಿ ಅನ್ನುತ್ತಾರೆ. ನಮ್ಮ ಗಟ್ಟಿ ಡಿಕಾಕ್ಷನ್‌ಗೆ ಹಾಲಿಲ್ಲದೆ ಸಕ್ಕರೆ ಸುರಿದು ಕೊಟ್ಟ ಹಾಗೆ. ಹಾಲು ಬೇಕಿದ್ದರೆ ಕಾಫೆ ಕೋನ್ ಲೆಚೆ ಅನ್ನಿ, ಸಕ್ಕರೆ ಎಷ್ಟು ಅಂತ ಮೊದಲೇ ಹೇಳಿ. ಶುಗರ್ ಇರುವವರು ಇದ್ದರೆ ಇದು ಮುಖ್ಯ.

ಮ್ಯಾಪ್‌ನಲ್ಲಿ ಹುಡುಕುವುದಾದರೆ ಕ್ಯಾಥರೀನ್ ಸ್ಟ್ರೀಟ್‌ನ ಎಲ್ ಸಿಬೊನೇ ಈ ಊರಿನ ಹೆಸರಾಂತ ಕ್ಯೂಬನ್ ಹೋಟೆಲ್. ಕಾಫಿ, ಸ್ಯಾಂಡ್‌ವಿಚ್ ಸಾಕು ಅನ್ನುವವರಿಗೆ ಸದರ್ಡ್ ಸ್ಟ್ರೀಟ್‌ನ ಫೈವ್ ಬ್ರದರ್ಸ್ ಅಂಗಡಿ ಇದೆ. ಯಾವುದಕ್ಕೆ ಹೋದರೂ ಹನ್ನೆರಡರ ಮುಂಚೆ ಅಥವಾ ಮಧ್ಯಾಹ್ನ ಮೂರರ ಮೇಲೆ ಹೋಗಿ. ಇಂಥ ಜಾಗಗಳು ವಾರಕ್ಕೊಂದು ದಿನ ಮುಚ್ಚಿರಬಹುದು, ಅದನ್ನೂ ನೋಡಿಕೊಳ್ಳಿ. ಕಾರನ್ನು ಮಾತ್ರ ಸಿಕ್ಕಲ್ಲಿ ನಿಲ್ಲಿಸಬೇಡಿ. ಆ ಗಲ್ಲಿಗಳಲ್ಲಿ ರಸ್ತೆ ಮೇಲೇ "ರೆಸಿಡೆನ್ಶಿಯಲ್ ಪಾರ್ಕಿಂಗ್" ಅಂತ ಬರೆದಿರುತ್ತದೆ, ಅದು ಊರಿನವರಿಗೆ ಮಾತ್ರ, ಗಾಡಿ ಎತ್ತಿಕೊಂಡು ಹೋದರೆ ಬಿಡಿಸಿಕೊಳ್ಳುವ ಖರ್ಚು ಎರಡು ಊಟಕ್ಕಿಂತ ಜಾಸ್ತಿ. ಉಳಿದುಕೊಂಡ ಕಡೆ ಕಾರು ಬಿಟ್ಟು ನಡೆದೇ ಹೋಗಿ, ಹಳೇ ಊರು ಚಿಕ್ಕದು.

ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಳ್ಳಿ. ನಾವು ಸಂಜೆ ಸಮುದ್ರದ ಪಕ್ಕದ ಮಲ್ಲೊರಿ ಸ್ಕ್ವೇರ್‌ನಲ್ಲಿ ಸೂರ್ಯಾಸ್ತ ನೋಡಿ ಬಂದು ರಾತ್ರಿ ಅದನ್ನೇ ಬಿಸಿ ಮಾಡಿ ತಿಂದೆವು. ವಾಪಸ್ ಹೊರಡುವುದನ್ನು ಮಾತ್ರ ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ. ವಾರಾಂತ್ಯಕ್ಕೆ ಬಂದವರೆಲ್ಲ ಅದೇ ಒಂದು ರಸ್ತೆಯಲ್ಲಿ ವಾಪಸ್ ಹೋಗಬೇಕು. ಬೆಳಗ್ಗೆ ಎಂಟಕ್ಕೆಲ್ಲ ಒಂದೊಂದು ಕೋನ್ ಲೆಚೆ ಕಟ್ಟಿಸಿಕೊಂಡು ಹೊರಟುಬಿಡಿ.