ಅದಿನ್ನೂ ಕೋಸು

ದಕ್ಷಿಣ ಕೊರಿಯದ ಸುವಾನ್ ನಗರದ ಒಂದು ಸಣ್ಣ ಹೋಟೆಲಿನಲ್ಲಿ ಈ ವಾರ ಕಿವಿಗೆ ಬಿದ್ದ ಮಾತು ತಲೆಯಿಂದ ಇಳಿಯುತ್ತಿಲ್ಲ. ಪಕ್ಕದ ಮೇಜಿನಲ್ಲಿ ಮೈಸೂರು ಕಡೆಯ ಹುಡುಗ, ಜೊತೆಗೆ ಅವನ ಆಫೀಸಿನ ಕೊರಿಯನ್ ಗೆಳೆಯ. ಕುದಿಯುತ್ತಲೇ ಬಂದ ಕಿಮ್ಚಿ ಜಿಗೆಯನ್ನು (ಖಾರ ಹಚ್ಚಿ ಹುಳಿಸಿದ ಕೋಸು ಕಿಮ್ಚಿ, ಅದರ ಸಾರು ಜಿಗೆ) ಹುಡುಗ ಮೂಸಿ ನೋಡಿ ಪಕ್ಕಕ್ಕೆ ಸರಿಸಿದ. ನಂಚಿಕೊಳ್ಳಲು ಇಟ್ಟಿದ್ದ ಕಿಮ್ಚಿ ಅವತ್ತೇ ಕಲಸಿದ್ದು, ಗರಿಗರಿಯಾಗಿತ್ತು. ಅದನ್ನು ತೋರಿಸಿ, "ಸಾರು ಹಳಸಿದೆ ಅನ್ಸುತ್ತೆ, ಈ ಹೊಸದರಲ್ಲಿ ಮಾಡಿಕೊಡ್ತಾರಾ ಕೇಳು" ಅಂದ.

ಹೋಟೆಲಿನ ಇಮೋ (ಅಲ್ಲಿ ಬಡಿಸುವ ಹೆಂಗಸರನ್ನು ಚಿಕ್ಕಮ್ಮ ಅಂತಲೇ ಕರೆಯುವುದು) ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ಅದರಲ್ಲಿ ಆಗಲ್ಲಪ್ಪ. ಅದಿನ್ನೂ ಕೋಸು."

ಗೆಳೆಯ ಈ ಮಾತನ್ನು ದಾಟಿಸಲೇ ಇಲ್ಲ. "ಇವತ್ತು ಆಗಲ್ವಂತೆ" ಎಂದು ಬೇರೇನೋ ತರಿಸಿಕೊಟ್ಟ. ಒಳ್ಳೆಯ ಮನಸ್ಸಿನವನೇ. ಆದರೆ ಹುಡುಗ ತಿಳಿದುಕೊಳ್ಳಬೇಕಿದ್ದ ಗುಟ್ಟನ್ನು ಅವನ ಸೌಜನ್ಯ ನುಂಗಿಹಾಕಿತು. ಗಿರಾಕಿಯ ಮನಸ್ಸು ನೋಯದಿರಲಿ ಎಂದು ಕೆಟ್ಟ ಜಿಗೆ ಮಾಡಿಕೊಡಲು ಒಪ್ಪದ ಆ ಇಮೋ ಮೇಲೆ ನನಗೆ ಗೌರವ ಹೆಚ್ಚಾಯಿತು.

ಕೋಸು ಕಿಮ್ಚಿಯಾಗುವುದು ಖಾರ ಮೆತ್ತಿದಾಗಲ್ಲ, ಹುಳಿ ಬಂದಾಗ. ಕೆಲಸ ಶುರುವಾಗುವುದು ಉಪ್ಪಿನಿಂದ. 2 ಕಿಲೋ ನಾಪಾ ಕೋಸಿಗೆ (ಉದ್ದನೆಯ ಚೀನೀ ಕೋಸು) ಸುಮಾರು 200 ಗ್ರಾಂ ಹರಳುಪ್ಪು. ಅರ್ಧವನ್ನು ಒಂದೂವರೆ ಲೀಟರ್ ನೀರಿನಲ್ಲಿ ಕರಗಿಸಬೇಕು, ಉಳಿದರ್ಧವನ್ನು ಎಲೆ ಎಲೆ ಬಿಡಿಸಿ ದಪ್ಪ ದಂಟಿನ ಬುಡಕ್ಕೆ ಉದುರಿಸಬೇಕು. ಆರರಿಂದ ಎಂಟು ಗಂಟೆ ಬಿಟ್ಟು, ನಡುವೆ ಒಮ್ಮೆ ಮಗುಚಬೇಕು. ಗಡಿಯಾರಕ್ಕಿಂತ ದಂಟನ್ನು ನಂಬುವುದು ಮೇಲು: ಬಗ್ಗಿಸಿದರೆ ಮುರಿಯದೆ ಮಡಚಿಕೊಳ್ಳಬೇಕು. ಲಟಕ್ಕನೆ ಮುರಿದರೆ ಒಳಗೆ ನೀರಿದೆ ಎಂದರ್ಥ; ಆ ನೀರು ಆಮೇಲೆ ಡಬ್ಬದಲ್ಲಿ ಬಿಟ್ಟುಕೊಂಡು ಮಸಾಲೆ ತೆಳುವಾಗುತ್ತದೆ, ಕೋಸು ಮೆತ್ತಗಾಗುತ್ತದೆ. ಪುಡಿ ಉಪ್ಪನ್ನು ಅದೇ ಚಮಚದ ಲೆಕ್ಕದಲ್ಲಿ ಹಾಕಿದರೆ ವಿಪರೀತ ಉಪ್ಪಾಗುತ್ತದೆ, ಆದ್ದರಿಂದ ತೂಕ ಮಾಡಿಯೇ ಹಾಕಿ. ಮೂರು ಸಲ ತೊಳೆದು, ಎರಡು ಗಂಟೆ ಬೋರಲು ಹಾಕಿ ನೀರಿಳಿಸಬೇಕು.

ಎರಡು ಚಮಚ ಅಂಟಕ್ಕಿ ಹಿಟ್ಟನ್ನು ಒಂದು ಕಪ್ ನೀರಿನಲ್ಲಿ ಗಂಜಿ ಕಾಯಿಸಿ ಆರಿಸಿ, ಅದಕ್ಕೆ ಒಂದು ಕಪ್ ಗೋಚುಗಾರು (ಕೊರಿಯದ ತರಿತರಿ ಮೆಣಸಿನಪುಡಿ), ಹನ್ನೆರಡು ಎಸಳು ಬೆಳ್ಳುಳ್ಳಿ, ಸ್ವಲ್ಪ ಶುಂಠಿ, ಉಪ್ಪಿನಲ್ಲಿ ಹಾಕಿಟ್ಟ ಸಣ್ಣ ಸಿಗಡಿ, ಮೀನಿನ ಸಾಸ್, ಹೆಚ್ಚಿದ ಮೂಲಂಗಿ, ಈರುಳ್ಳಿ ಸೊಪ್ಪು. ಗೋಚುಗಾರು ಸಿಗದ ಕಡೆ ಬ್ಯಾಡಗಿ ಚೆನ್ನಾಗಿ ಒದಗುತ್ತದೆ, ಬಣ್ಣಕ್ಕಂತೂ ಎರಡು ಮಾತಿಲ್ಲ. ಆದರೆ ಅಂಗಡಿಯ ನುಣ್ಣನೆ ಪುಡಿ ಬೇಡ, ಕೆಸರಿನಂತೆ ಅಂಟಿಕೊಳ್ಳುತ್ತದೆ. ಬೀಜ ಉದುರಿಸಿ, ಒಣಗಿಸಿ, ಮಿಕ್ಸಿಯಲ್ಲಿ ತರಿತರಿಯಾಗಿ ತಿರುವಿಕೊಳ್ಳಬೇಕು.

ಈ ಮಸಾಲೆಯನ್ನು ಕೋಸಿನ ಎಲೆಗಳಿಗೆ ಮೆತ್ತಿ, ಡಬ್ಬಕ್ಕೆ ಮುಕ್ಕಾಲು ಭಾಗ ಮಾತ್ರ ತುಂಬಿ ರಸ ಮೇಲೆ ಬರುವವರೆಗೆ ಅದುಮಿ. 20 ಡಿಗ್ರಿಯ ಕೋಣೆಯಲ್ಲಿ ಒಂದೆರಡು ದಿನ, ಬೆಂಗಳೂರಿನ ಬೇಸಿಗೆಯಲ್ಲಿ ಒಂದೇ ದಿನ ಸಾಕು. ಗುಳ್ಳೆ ಎದ್ದಮೇಲೆ ಫ್ರಿಜ್‌ಗೆ. ಆ ಗುಳ್ಳೆ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾದ ಕೆಲಸ, ನಾಲಿಗೆಗೆ ಸೋಡಾದ ಚುರುಕು ಕೊಡುವುದೂ ಅದೇ. ಹುಳಿ ಏರಿದಂತೆ ಅದು ಹಿಂದೆ ಸರಿದು ಲ್ಯಾಕ್ಟೊಬ್ಯಾಸಿಲಸ್ ಜಾತಿಯವು ಮುಂದೆ ಬರುತ್ತವೆ. ಈ ಓಟವನ್ನು ತಿಂಗಳುಗಟ್ಟಲೆ ನಿಧಾನಿಸಲೆಂದೇ ಕೊರಿಯದ ಮನೆಗಳಲ್ಲಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವ ಕಿಮ್ಚಿ ಫ್ರಿಜ್ ಬೇರೆಯೇ ಇರುತ್ತದೆ. ಚಳಿಗಾಲಕ್ಕೆ ಮುಂಚೆ ಊರುಮನೆಯವರು ಸೇರಿ ಕಿಮ್ಚಿ ಹಾಕುವ ಕಿಮ್‌ಜಾಂಗ್ 2013ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಒಂದೊಂದು ವಯಸ್ಸಿಗೆ ಒಂದೊಂದು ಊಟ. ಅವತ್ತೇ ಕಲಸಿದ್ದು ಬೇಯಿಸಿದ ಹಂದಿಮಾಂಸದ ಜೊತೆ. ಎರಡು ಮೂರು ವಾರದ್ದು ಬಿಸಿ ಅನ್ನಕ್ಕೆ. ಅದಕ್ಕಿಂತ ಹುಳಿಯಾದದ್ದು ಹುರಿದ ಅನ್ನಕ್ಕೆ, ದೋಸೆಯಂಥ ಜೊನ್‌ಗೆ, ಜಿಗೆಗೆ. ಹೊಸ ಕಿಮ್ಚಿಯ ಜಿಗೆ ಎಂದರೆ ಹುಳಿ ಬಾರದ ಮಜ್ಜಿಗೆಯಲ್ಲಿ ಮಾಡಿದ ಮಜ್ಜಿಗೆಹುಳಿ. ಖಾರ ನೀರು, ಅದರಲ್ಲಿ ಬೆಂದ ಕೋಸು. ಹೋಟೆಲಿನಲ್ಲಿ ಕಂಡುಹಿಡಿಯುವುದು ಸುಲಭ: ದಂಟು ಕಣ್ಣಾಡುವಷ್ಟು ಪಾರದರ್ಶಕವಾಗಿದ್ದರೆ ಹಳೆಯದು, ಒಳಗೆ ಬೆಳ್ಳಗೆ ಉಳಿದಿದ್ದರೆ ಹೊಸದು. ಹೊಸದಕ್ಕೆ ವಿನೆಗರ್ ಸುರಿದು ಹುಳಿ ಬರಿಸಿದರೆ ಅದು ಮೇಲಷ್ಟೇ ತೇಲುತ್ತದೆ.

ಮನೆಯಲ್ಲಾದರೆ 300 ಗ್ರಾಂ ಹುಳಿ ಕಿಮ್ಚಿಯನ್ನು ಎಣ್ಣೆಯಲ್ಲಿ ಆರೇಳು ನಿಮಿಷ ಹುರಿದುಕೊಳ್ಳಿ, ಹಸಿ ಹುಳಿ ಇಳಿಯುತ್ತದೆ. 150 ಗ್ರಾಂ ಹಂದಿಮಾಂಸ, ಅರ್ಧ ಕಪ್ ಕಿಮ್ಚಿ ರಸ, ಎರಡೂವರೆ ಕಪ್ ಅಕ್ಕಿ ತೊಳೆದ ಎರಡನೇ ನೀರು ಹಾಕಿ ಅರ್ಧ ಗಂಟೆ ಸಣ್ಣ ಉರಿ. ಹುಳಿ ಹೆಚ್ಚೆನಿಸಿದರೆ ಅರ್ಧ ಚಮಚ ಸಕ್ಕರೆ. ತೋಫು ಕೊನೆಯ ಐದು ನಿಮಿಷಕ್ಕೆ.

ಸಸ್ಯಾಹಾರಿಗಳು ಮಾಂಸ ಬಿಟ್ಟರೆ ಮಾತ್ರ ಸಾಲದು, ಕಿಮ್ಚಿಯಲ್ಲೇ ಸಿಗಡಿ, ಮೀನು ಇರುತ್ತದೆ. ಬೌದ್ಧ ದೇವಾಲಯಗಳ ಕಿಮ್ಚಿ ಹುಡುಕಿ: ಮೀನಿಲ್ಲ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ, ಸೋಯಾ ಸಾಸಿನ ಮೇಲೆ ನಿಲ್ಲುತ್ತದೆ. ಅದೂ ಹುಳಿಯಾಗುತ್ತದೆ, ಅದರಲ್ಲೂ ಜಿಗೆಯಾಗುತ್ತದೆ. ಸಾರಿಗೆ ಕೊಂಬು ಎಂಬ ಕಡಲಪಾಚಿ, ಒಣ ಶಿಟಾಕೆ ಅಣಬೆ ಕುದಿಸಿದ ನೀರು ಸಾಕು.

ಆ ಹುಡುಗ ಸರಿಸಿಟ್ಟ ಬಟ್ಟಲಿನಲ್ಲಿ ದಂಟುಗಳು ಗಾಜಿನಂತೆ ತಿಳಿಯಾಗಿದ್ದವು.