ಪುರದ ಸಗಣಿ ಲೆಕ್ಕ

ನಮ್ಮೂರಿನ ಅರಳಿಕಟ್ಟೆಯ ಪಕ್ಕದಲ್ಲಿ ಮೊದಲ ಸೌರ ಬೀದಿದೀಪ ಹೊತ್ತಿದ ಸಂಜೆ ನಾನು ಅಲ್ಲಿಯೇ ನಿಂತಿದ್ದೆ. ಒಟ್ಟು ಎಂಟು ಕಂಬಗಳು. ಕರೆಂಟು ಹೋದರೂ ಬೆಳಗುವ ದೀಪಗಳೆಂದು ಊರಿಗೆ ಊರೇ ಸಂಭ್ರಮಪಟ್ಟಿತ್ತು. ಮೂರನೆಯ ಮಳೆಗಾಲದ ಹೊತ್ತಿಗೆ ಬ್ಯಾಟರಿಗಳು ಸೋತವು. ಹೊಸ ಬ್ಯಾಟರಿ ಹಾಕಿಸಬೇಕಾದವರು ಯಾರೆಂದು ಕೇಳಿಕೊಂಡು ನಾನೂ ಇನ್ನಿಬ್ಬರೂ ಎರಡು ತಿಂಗಳು ಅಲೆದೆವು. ದೀಪ ಕೊಟ್ಟವರ ಕಡತದಲ್ಲಿ ಕಾಮಗಾರಿ ಪೂರ್ಣಗೊಂಡಿತ್ತು. ಊರಿನ ಯಾವ ಪುಸ್ತಕದಲ್ಲಿಯೂ ಆ ದೀಪಗಳಿಗಾಗಿ ಒಂದು ಸಾಲು ಇರಲಿಲ್ಲ. ಕಂಬಗಳು ಇಂದಿಗೂ ಇವೆ, ಬೆಳಕಿಲ್ಲ.

ಆ ಸೋಲು ನನ್ನನ್ನು ಬಹಳ ದಿನ ಕಾಡಿತು. ತಂತ್ರಜ್ಞಾನ ಕೆಟ್ಟದ್ದಾಗಿರಲಿಲ್ಲ, ಬಿಸಿಲಿಗೆ ಕೊರತೆಯಿರಲಿಲ್ಲ, ಊರಿನ ಜನರೂ ಅಸಡ್ಡೆಯವರಲ್ಲ. ಹಾಗಾದರೆ ತಪ್ಪಿದ್ದೆಲ್ಲಿ ಎಂದು ಹುಡುಕುತ್ತ ಹೋದಾಗ ಉತ್ತರದ ಬಹುಪಾಲು ನನ್ನದೇ ತುಮಕೂರು ಜಿಲ್ಲೆಯಲ್ಲಿ, ನಾಲ್ಕು ದಶಕಗಳ ಹಿಂದಿನ ಒಂದು ಪ್ರಯೋಗದಲ್ಲಿ ಸಿಕ್ಕಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ನನ್ನ ಮಟ್ಟಿಗೆ ನಿಜವಾಗಿತ್ತು. ಜರ್ಮನಿಯ, ಡೆನ್ಮಾರ್ಕಿನ ಹಳ್ಳಿಗಳ ಗಾಳಿಯಂತ್ರಗಳ ಬಗ್ಗೆ ಓದಿಕೊಂಡಿದ್ದ ನನಗೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಹೆಸರು ಗೊತ್ತಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗಳ ಬಳಕೆಗೆ ತರುವ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿದ್ಯುದ್ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ.ಕೆ.ಎನ್. ರೆಡ್ಡಿಯವರು ಅದರ ಹಿಂದಿನ ಮುಖ್ಯ ಶಕ್ತಿ. ಹೊಗೆ ಕಡಿಮೆ ಮಾಡಿದ ‘ಅಸ್ತ್ರ ಒಲೆ’ಯಿಂದಾಗಿ ಈ ಹೆಸರು ನಮ್ಮ ಹಲವು ಅಡುಗೆಮನೆಗಳಿಗೆ ಪರಿಚಿತ. ಕುಣಿಗಲ್ ಸೀಮೆಯ ಉಂಗ್ರದಲ್ಲಿ ವಿಸ್ತರಣಾ ಕೇಂದ್ರವೊಂದನ್ನು ತೆರೆದ ಈ ತಂಡ, ಯಂತ್ರ ತಂದಿಳಿಸುವ ಮೊದಲು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ಹೊತ್ತು ತರುವವರು ಯಾರು, ನೀರಿಗೆ ಎಷ್ಟು ಹೊತ್ತು ಹೋಗುತ್ತದೆ ಎಂದೆಲ್ಲ ಅಳೆಯಿತು. ಹಳ್ಳಿಯ ಶಕ್ತಿಯ ಬಹುಪಾಲು ಅಡುಗೆಯ ಒಲೆಗೆ ಹೋಗುವ ಸೌದೆ ಎಂಬುದೂ, ಅದರ ಭಾರ ಹೆಚ್ಚಾಗಿ ಹೆಂಗಸರ ಮತ್ತು ಮಕ್ಕಳ ತಲೆಯ ಮೇಲಿದೆ ಎಂಬುದೂ ಆ ಅಳತೆಯಿಂದ ಸ್ಪಷ್ಟವಾದವು.

ಹೀಗಾಗಿ, ಪುರದಲ್ಲಿ ಊರಿನ ಎಲ್ಲ ದನಗಳ ಸಗಣಿಯನ್ನು ಒಂದೆಡೆ ಸೇರಿಸಿ, ಅದರಿಂದ ಬರುವ ಅನಿಲವನ್ನು ಎಲ್ಲ ಮನೆಗಳ ಅಡುಗೆಗೆ ಕೊಡುವುದು ಮೊದಲ ಯೋಜನೆಯಾಗಿತ್ತು. ಇಷ್ಟು ಎಚ್ಚರದಿಂದ ಅಳೆದು ಹೊರಟವರೂ ಇಲ್ಲಿ ಎಡವಿದರು. ಬಯಲಿನಲ್ಲಿ ಮೇಯ್ದು ಬರುವ ನಮ್ಮ ನಾಟಿ ದನಗಳು ಕೊಟ್ಟಿಗೆಯಲ್ಲಿ ಹಾಕುವ ಸಗಣಿ ಅಷ್ಟಕ್ಕಷ್ಟೆ. ಇಡೀ ಊರಿನ ಎರಡು ಹೊತ್ತಿನ ಅಡುಗೆಗೆ ಅನಿಲ ಸಾಲಲಿಲ್ಲ. ಒಲೆ ಅರ್ಧಕ್ಕೆ ಆರುವ ವ್ಯವಸ್ಥೆಯ ಮೇಲೆ ಯಾವ ಗೃಹಿಣಿ ತಾನೇ ವಿಶ್ವಾಸ ಇಟ್ಟಾಳು? ಅಲ್ಲಿಗೆ ಕೈಬಿಟ್ಟು ಹೋಗದೆ ಊರಿನವರ ಮಾತಿಗೆ ಕಿವಿಗೊಟ್ಟಾಗ ತಂಡಕ್ಕೆ ತಿಳಿದದ್ದು, ಜನರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು ಎಂಬುದು. ಅಡುಗೆಗೆ ಸಾಲದ ಅನಿಲ ಒಂದು ಸಣ್ಣ ಎಂಜಿನ್ ನಡೆಸಿ ಕೊಳವೆಬಾವಿಯ ನೀರೆತ್ತಲು, ಸಂಜೆ ಮನೆಗಳಿಗೆ ದೀಪ ಕೊಡಲು ಸಾಕಾಗುತ್ತಿತ್ತು. 1987ರ ಸೆಪ್ಟೆಂಬರಿನಲ್ಲಿ ಪುರದ ಸ್ಥಾವರ ಈ ಹೊಸ ಕೆಲಸಕ್ಕೆ ತಿರುಗಿತು. ಡೀಸೆಲ್ ಜೊತೆಗೆ ಗೋಬರ್ ಅನಿಲವನ್ನೂ ಉರಿಸುವ ಎಂಜಿನ್, ಅದಕ್ಕೆ ಜೋಡಿಸಿದ 5 ಕಿಲೋವ್ಯಾಟ್ ಜನರೇಟರ್, ನಲ್ಲಿಗಳು, ಮನೆಗಳಲ್ಲಿ ಟ್ಯೂಬ್‌ಲೈಟ್. ಇಷ್ಟೇ ಅದರ ಸಂಪತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎಂಜಿನ್ ಅಲ್ಲ, ಸಗಣಿಯ ಲೆಕ್ಕ. ಮನೆಯವರು, ಅವರಲ್ಲಿಯೂ ಮುಖ್ಯವಾಗಿ ಹೆಂಗಸರು, ಸಗಣಿ ಹೊತ್ತು ತಂದು ತೂಗಿಸುತ್ತಿದ್ದರು. ತಂದುಕೊಟ್ಟ ಶ್ರಮಕ್ಕೆ ಕಿಲೋಗೆ 2 ಪೈಸೆ. 25 ಕಿಲೋ ತಂದರೆ 50 ಪೈಸೆ. ಹಣವಾಗಿ ಅದು ದೊಡ್ಡದಲ್ಲ, ಆದರೆ ಪ್ರತಿ ಮನೆಯ ಹೆಸರಿನ ಮುಂದೆ ಆ ದಿನದ ತೂಕ ಬೀಳುತ್ತಿತ್ತು ಎಂಬುದು ದೊಡ್ಡದು. ಇನ್ನೊಂದು ಸೂಕ್ಷ್ಮ ಇದಕ್ಕಿಂತಲೂ ಮುಖ್ಯ. ನಮ್ಮ ಸೀಮೆಯಲ್ಲಿ ಸಗಣಿ ಎಂದರೆ ಮೊದಲಿಗೆ ತಿಪ್ಪೆಯ ಗೊಬ್ಬರ. ಅದನ್ನು ಊರಿನ ತೊಟ್ಟಿಗೆ ಸುರಿದು ಬರಿಗೈಯಲ್ಲಿ ಮರಳಲು ಯಾವ ರೈತನೂ ಒಪ್ಪುವುದಿಲ್ಲ. ಅನಿಲವಾಗಿ ಹೊರಬೀಳುವುದು ಸಗಣಿಯಲ್ಲಿನ ಇಂಗಾಲದ ಒಂದು ಭಾಗ ಮಾತ್ರ, ಗೊಬ್ಬರದ ಸತ್ವವಾದ ಸಾರಜನಕ, ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡದಲ್ಲಿಯೇ ಇರುತ್ತದೆ. ಪುರದಲ್ಲಿ ಆ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ತಂದುಕೊಟ್ಟವರಿಗೇ ಹಿಂದಿರುಗಿಸುತ್ತಿದ್ದರು. ಅಂದರೆ ಮನೆಯವರು ಕಳೆದುಕೊಂಡದ್ದು ಏನೂ ಇಲ್ಲ. ಗೊಬ್ಬರ ಹೊಲಕ್ಕೆ ಬಂತು, ನಡುವೆ ನೀರೂ ಬೆಳಕೂ ಸಿಕ್ಕಿದವು.

ಹತ್ತು ಜನರ ಸ್ವತ್ತು ಹಾಳಾಗುವುದು ಸಹಜ ಎಂಬ ಮಾತನ್ನು ಪುರದ ಅನುಭವದಿಂದ ರೆಡ್ಡಿಯವರು ಪ್ರಶ್ನಿಸಿದರು. ಸಗಣಿ ಕೊಡದೆ ತಪ್ಪಿಸಿಕೊಂಡರೆ ಉಳಿಯುವ ಲಾಭಕ್ಕಿಂತ, ನೀರು ಮತ್ತು ದೀಪ ಕೈತಪ್ಪಿದರೆ ಆಗುವ ನಷ್ಟ ಪ್ರತಿ ಮನೆಗೂ ಎಷ್ಟೋ ದೊಡ್ಡದಾಗಿದ್ದರಿಂದ, ಸಾಮೂಹಿಕ ಸ್ವತ್ತು ಇಲ್ಲಿ ಶಾಪವಾಗದೆ ವರವಾಯಿತು ಎಂಬುದು ಅವರ ವಿವರಣೆ. ಇದನ್ನು ಓದುವಾಗ ನನಗೆ ನೀರಗಂಟಿ ನೆನಪಾದ. ಕೆರೆಯ ತೂಬು ತೆಗೆದು, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಟ್ಟು, ಸುಗ್ಗಿಯಲ್ಲಿ ಕಣದಿಂದ ತನ್ನ ಪಾಲಿನ ಧಾನ್ಯ ಪಡೆಯುತ್ತಿದ್ದ ಮನುಷ್ಯನನ್ನು ನಮ್ಮ ಊರುಗಳು ತಲೆತಲಾಂತರದಿಂದ ಬಲ್ಲವು. ಎಂಜಿನ್ ನೋಡಿಕೊಳ್ಳುತ್ತಿದ್ದ ಪುರದ ಹುಡುಗರು ಹೊಸ ಕಾಲದ ನೀರಗಂಟಿಗಳು. ನಮ್ಮೂರಿನ ಎಂಟು ಕಂಬಗಳಿಗೆ ನೀರಗಂಟಿ ಇರಲಿಲ್ಲ, ಕಣದ ಪಾಲೂ ಇರಲಿಲ್ಲ.

ಪುರದ ವ್ಯವಸ್ಥೆ ಹಲವು ವರ್ಷ ನಡೆದು ನಿಂತುಹೋಯಿತು. ಅದರಿಂದ ಕಲಿಯಬೇಕಾದ್ದನ್ನು ರೆಡ್ಡಿಯವರೇ 2004ರಲ್ಲಿ, ತೀರಿಕೊಳ್ಳುವ ಎರಡು ವರ್ಷ ಮೊದಲು, ಬರೆದಿಟ್ಟರು. ತಾನು ಬೆಳೆಸಿದ ಕೆಲಸದ ಸೋಲುಗೆಲುವನ್ನು ಹೀಗೆ ತೆರೆದಿಡುವ ಗುಣವನ್ನು ನಾನು ಬಹಳ ಗೌರವಿಸುತ್ತೇನೆ. ನನಗೆ ಅನ್ನಿಸುವುದಿಷ್ಟು: ಸರ್ಕಾರ ವೆಚ್ಚ ಹೊರುವ ಅಗ್ಗದ ವಿದ್ಯುತ್ ಪಕ್ಕದಲ್ಲಿಯೇ ಹರಿಯುವಾಗ, ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕಾದ ಪುಟ್ಟ ಸ್ಥಾವರ ಒಂಟಿಯಾಗಿ ಬಹುಕಾಲ ನಿಲ್ಲಲಾರದು.

ಅದೇ ಸೀಮೆಯ ಹೊಸಹಳ್ಳಿಯ ಕಥೆ ಇದಕ್ಕೆ ಇನ್ನೊಂದು ಮಗ್ಗುಲು ಸೇರಿಸುತ್ತದೆ. ಕರೆಂಟೇ ಇಲ್ಲದಿದ್ದ ಆ ಊರಿನಲ್ಲಿ 1988ರಿಂದ ಸೌದೆಯ ತುಂಡುಗಳನ್ನು ಕಡಿಮೆ ಗಾಳಿಯಲ್ಲಿ ಉರಿಸಿ ಅನಿಲವಾಗಿಸುವ ಗ್ಯಾಸಿಫೈಯರ್ ನಡೆಯಿತು. ಮುಂದೆ ಅದರ ಸಾಮರ್ಥ್ಯ 20 ಕಿಲೋವ್ಯಾಟ್‌ಗೆ ಏರಿತು. ದೀಪ, ಕುಡಿಯುವ ನೀರು, ನೀರಾವರಿ, ಹಿಟ್ಟಿನ ಗಿರಣಿ ಎಲ್ಲಕ್ಕೂ ಅದೇ ಆಧಾರ. ಅಲ್ಲಿನ ಲೆಕ್ಕದಲ್ಲಿ, ಬರೀ 5 ಕಿಲೋವ್ಯಾಟ್ ಹೊರೆಯಿದ್ದಾಗ ಇಂಧನ ಮತ್ತು ನಿರ್ವಹಣೆಗೆ ಯೂನಿಟ್ಟಿಗೆ 5.85 ರೂಪಾಯಿ ತಗುಲಿದರೆ, 20 ಕಿಲೋವ್ಯಾಟ್ ಹೊರೆಯಿದ್ದಾಗ 3.34 ರೂಪಾಯಿ ಸಾಕಾಗುತ್ತಿತ್ತು. ಸಂಜೆಯ ದೀಪಕ್ಕಷ್ಟೇ ಎಂಜಿನ್ ಹೊಡೆದರೆ ದುಬಾರಿ. ಹಗಲು ರಾಗಿ ಬೀಸಿ, ನೀರೆತ್ತಿದರೆ ಅದೇ ಯಂತ್ರ ಅಗ್ಗ. ಊರಿಗೆ ಬೆಳಕು ಕೊಡುತ್ತೇವೆಂದು ಬರುವವರು ಗಿರಣಿಯ ಮಾತನ್ನೂ ಜೊತೆಗೇ ಆಡಬೇಕಾದ್ದು ಇದಕ್ಕಾಗಿ.

ಇದೇ ಜಿಲ್ಲೆಯ ಪಾವಗಡದಲ್ಲಿ ಈಗ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಉದ್ಯಾನವಿದೆ. ಭೂಮಿಯನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕ್ರಮ. ಬರಗಾಲ ಕಂಡುಂಡ ರೈತರಿಗೆ ಅದು ನಿಶ್ಚಿತ ಆದಾಯ. ಆದರೆ ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ ಬರುತ್ತದೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಕೂಲಿಯ ಹೆಂಗಸಿಗೆ, ಅದೇ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಯಾವ ಪುಸ್ತಕದಲ್ಲಿಯೂ ಸಾಲಿಲ್ಲ. ಪುರದ ತಕ್ಕಡಿಯನ್ನು ನೆನೆದಾಗಲೆಲ್ಲ ನನಗೆ ಈ ಕೊರತೆ ನೋವು ತರುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮೂರಿಗೆ ಮತ್ತೊಂದು ಸೌರ ಯೋಜನೆಯ ಮಾತು ಬಂದಾಗ, ಬೇಡ ಎನ್ನುವವರೇ ಹೆಚ್ಚಾಗಿದ್ದರು. ದೀಪ ಬೇಕೇ ಎಂದು ಕೇಳುವುದನ್ನು ಬಿಟ್ಟು, ಏನು ಬೇಕು ಎಂದು ಕೇಳೋಣ ಎಂದೆ. ಹೆಂಗಸರು ಮೇಲ್ತೊಟ್ಟಿಗೆ ಹಗಲಿನಲ್ಲಿ ನೀರೇರಿಸುವ ಪಂಪು ಕೇಳಿದರು, ಏಕೆಂದರೆ ಈಗ ಕರೆಂಟು ಬರುವ ಹೊತ್ತಿಗೆ ನಲ್ಲಿಯ ಮುಂದೆ ಕಾಯಬೇಕಾಗಿದೆ. ಪಂಪು ಇನ್ನೂ ಬಂದಿಲ್ಲ. ಅದಕ್ಕೂ ಮೊದಲು ಒಂದು ಪುಸ್ತಕ ತೆರೆದಿದ್ದೇವೆ. ಮನೆಗೆ ತಿಂಗಳಿಗೆ ಮೂವತ್ತು ರೂಪಾಯಿ, ಬೀಗದ ಕೈ ನೋಡಿಕೊಳ್ಳುವವನಿಗೆ ಅದರಲ್ಲಿ ಪಾಲು, ಉಳಿದದ್ದು ರಿಪೇರಿಗೆ. ಮೊದಲ ತಿಂಗಳು ಅರ್ಧಕ್ಕಿಂತ ತುಸು ಹೆಚ್ಚು ಮನೆಗಳವರು ಕೊಟ್ಟಿದ್ದಾರೆ. ಉಳಿದ ಮನೆಗಳಿಗೆ ಈ ಭಾನುವಾರ ಪುಸ್ತಕ ಹಿಡಿದು ಹೋಗಬೇಕು.